ಬೆಳೆ ಹೂ ಬಿಡಲಿಲ್ಲವೇ, ಹೊತ್ತಲ್ಲದ ಹೊತ್ತಿನಲ್ಲಿ ಬಿಟ್ಟಿತೇ? ದೋಷ ಪತ್ತೆ ಮಾಡುವ ಕ್ರಮ

ಬೆಳೆ ಆಳೆತ್ತರ ಬೆಳೆದಿದೆ, ಎಲೆ ಕಪ್ಪುಹಸಿರಾಗಿ ಹೊಳೆಯುತ್ತಿದೆ, ಕೀಟವಿಲ್ಲ, ರೋಗವಿಲ್ಲ. ಆದರೆ ಹೂವಿನ ಸುಳಿವೇ ಇಲ್ಲ. ಇಂಥ ಹೊಲದ ಬದುವಿನಲ್ಲಿ ನಿಂತವರಿಗೆ ಮೊದಲು ನೆನಪಾಗುವುದು ಔಷಧ-ಗೊಬ್ಬರದ ಅಂಗಡಿ. ಟಾನಿಕ್, ನೀರಿನಲ್ಲಿ ಕರಗುವ ಗೊಬ್ಬರ, ಹಾರ್ಮೋನು ಎಂದು ಒಂದೆರಡು ಸಾವಿರ ರೂಪಾಯಿ ಹೋದ ಮೇಲೂ ಗಿಡ ಹಾಗೆಯೇ ನಿಂತಿರುತ್ತದೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಹೊಲಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿರುವುದರಿಂದ, ಆ ಖರ್ಚಿಗೆ ಮುನ್ನ ಮಾಡಬೇಕಾದ ಪರೀಕ್ಷೆಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಯಾವಾಗ ಹೂ ಬಿಡಬೇಕೆಂಬುದನ್ನು ಗಿಡದ ಜೀನ್‌ಗಳು ತೀರ್ಮಾನಿಸುತ್ತವೆ. ಆ ತೀರ್ಮಾನಕ್ಕೆ ಅವು ರಾತ್ರಿಯ ಉದ್ದ, ಚಳಿ, ಗಿಡದ ವಯಸ್ಸು ಇವುಗಳನ್ನು ನೋಡುತ್ತವೆ. ನೋಡಿದ್ದು ಸರಿಹೊಂದದಿದ್ದರೆ ಎಷ್ಟು ಉಣಿಸಿದರೂ ಹೆಚ್ಚುವುದು ಎಲೆಯೇ. ಆದ್ದರಿಂದ ಗಿಡಕ್ಕೆ ಏನು ಕಡಿಮೆಯಾಗಿದೆ ಎಂದು ಕೇಳುವ ಮೊದಲು, ಗಿಡ ಯಾವುದಕ್ಕಾಗಿ ಕಾಯುತ್ತಿದೆ ಎಂದು ಕೇಳಬೇಕು.

ಹೊಲಕ್ಕೆ ಹೋಗುವಾಗ ಒಂದು ಹೊಸ ಬ್ಲೇಡು, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಬಣ್ಣದ ದಾರದ ಉಂಡೆ, ಬಿತ್ತಿದ ದಿನಾಂಕ ಮತ್ತು ಬೀಜದ ಚೀಲಕ್ಕೆ ಹೊಲಿದಿದ್ದ ಚೀಟಿ ಇವಿಷ್ಟು ಇದ್ದರೆ ಸಾಕು. ಇವುಗಳಲ್ಲಿ ಹೆಚ್ಚಾಗಿ ಇಲ್ಲದಿರುವುದು ಕೊನೆಯ ಎರಡು. ಅವಿಲ್ಲದೆ ಅರ್ಧ ಪರೀಕ್ಷೆಗಳು ನಡೆಯುವುದಿಲ್ಲ.

ಮೊಗ್ಗು ಹುಟ್ಟಿಯೇ ಇಲ್ಲವೋ, ಹುಟ್ಟಿ ಉದುರಿತೋ

ಈ ಎರಡೂ ದೂರದಿಂದ ಒಂದೇ ಥರ ಕಾಣುತ್ತವೆ, ಆದರೆ ಒಂದಕ್ಕೊಂದು ಸಂಬಂಧವಿಲ್ಲದ ದೋಷಗಳು. ಬ್ಯಾಡಗಿ ಮೆಣಸಿನ ಗಿಡವನ್ನು ತೆಗೆದುಕೊಳ್ಳಿ. ಅದು ಹಗಲು-ರಾತ್ರಿಯ ಉದ್ದವನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯದೆ, ಇಷ್ಟು ಎಲೆಗಳಾದ ಮೇಲೆ ಕವಲೊಡೆಯುವ ಗೆಣ್ಣಿನಲ್ಲಿ ಹೂ ಬಿಡುವ ಬೆಳೆ. ಅಂಥ ಗಿಡ ಬರಿದಾಗಿ ಕಂಡರೆ ಗೆಣ್ಣನ್ನು ಭೂತಗನ್ನಡಿಯಲ್ಲಿ ನೋಡಬೇಕು. ತೊಟ್ಟು ಕಳಚಿದ ಚಿಕ್ಕ ಗುರುತು ಇದ್ದರೆ ಹೂ ಹುಟ್ಟಿತ್ತು, ಆಮೇಲೆ ಉದುರಿತು ಎಂದರ್ಥ. ಆಗ ನೋಡಬೇಕಾದದ್ದು ಥ್ರಿಪ್ಸ್, ರಾತ್ರಿಯ ಸೆಕೆ, ಅತಿಯಾದ ಯೂರಿಯಾ, ನೀರಿನ ಏರುಪೇರು. ಅದು ಈ ಕೈಪಿಡಿಯ ವಿಷಯವಲ್ಲ.

ಗುರುತೇ ಇಲ್ಲದಿದ್ದರೆ ಸುಳಿಯನ್ನು ಬಿಚ್ಚಿ ನೋಡಬೇಕು. ಸೇವಂತಿಗೆಯಲ್ಲಿ ತುದಿಯ ಎಳೆ ಎಲೆಗಳನ್ನು ಒಂದೊಂದಾಗಿ ಬ್ಲೇಡಿನ ಮೊನೆಯಿಂದ ಬಿಡಿಸುತ್ತ ಹೋದರೆ ಕೊನೆಗೆ ಹೊಳೆಯುವ ಒಂದು ಚುಕ್ಕೆ ಸಿಗುತ್ತದೆ. ಆ ಚುಕ್ಕೆ ಕಿರಿದಾಗಿದ್ದು ಪಕ್ಕದಿಂದ ಎಲೆಯ ಗುಬಟುಗಳು ಮಾತ್ರ ಏಳುತ್ತಿದ್ದರೆ ಗಿಡ ಇನ್ನೂ ಎಲೆಯ ಹಾದಿಯಲ್ಲಿದೆ. ಚುಕ್ಕೆ ಅಗಲವಾಗಿ ಗುಮ್ಮಟದ ಹಾಗೆ ಉಬ್ಬಿದ್ದರೆ ಹೂವಿನ ಹಾದಿ ಹಿಡಿದಾಗಿದೆ, ಹೊರಗೆ ಕಾಣಲು ದಿನಗಳಷ್ಟೇ ಬಾಕಿ. ಜೋಳದಲ್ಲಿ ಒಂದು ಗಿಡವನ್ನು ಬುಡಸಹಿತ ಕಿತ್ತು, ದಂಟನ್ನು ಉದ್ದಕ್ಕೆ ಸೀಳಿ, ಒಳಗಿನ ಬೆಳೆಯುವ ತುದಿಯನ್ನು ನೋಡಬೇಕು. ನುಣುಪಾದ ಶಂಕುವಿನಂತಿದ್ದರೆ ತೆನೆ ಇನ್ನೂ ಹುಟ್ಟಿಲ್ಲ. ಅದೇ ತುದಿಯ ಮೇಲೆ ಸಣ್ಣ ಸಣ್ಣ ಗಂಟುಗಳೆದ್ದು ಪುಟ್ಟ ಬ್ರಷ್ಷಿನಂತೆ ಕಂಡರೆ ತೆನೆ ಹುಟ್ಟಿದೆ, ಹೊಡೆ ತುಂಬುವುದಕ್ಕೆ ಕಾಯಬೇಕು. ಎಷ್ಟೋ ಸಲ ಈ ಒಂದು ಸೀಳಿನಲ್ಲೇ ಆತಂಕ ಮುಗಿದಿದೆ. ಐದು ಗಿಡಗಳನ್ನು ಬಲಿಕೊಡುವುದು ನಷ್ಟವೇನಲ್ಲ. ಒಂದೇ ಗಿಡ ನೋಡಿ ತೀರ್ಮಾನಕ್ಕೆ ಬರಬಾರದು.

ದೋಷದ ಆಕಾರ

ತುದಿಯಲ್ಲಿ ಮೊಗ್ಗು ಹುಟ್ಟಿಲ್ಲ ಎಂದು ಖಾತ್ರಿಯಾದ ಮೇಲೆ, ಗಿಡವನ್ನು ಬಿಟ್ಟು ಹೊಲವನ್ನು ನೋಡಬೇಕು. ಹೂ ಬಿಡದ ಗಿಡಗಳು ಎಲ್ಲಿವೆ ಎಂಬುದನ್ನು ಕಾಗದದ ಮೇಲೆ ಗೀಟು ಹಾಕಿ ಗುರುತಿಸಿ. ಗೊಬ್ಬರದ ಏರುಪೇರು ಇದ್ದರೆ ಗುರುತು ಸಾಲಿನ ಗುಂಟ ಓಡುತ್ತದೆ, ಏಕೆಂದರೆ ಕೂರಿಗೆ ಓಡಿದ್ದು ಹಾಗೆಯೇ. ನೀರು ನಿಲ್ಲುವುದು ಕಾರಣವಾಗಿದ್ದರೆ ಅದು ಎರಿ ಹೊಲದ ತಗ್ಗನ್ನು ಹಿಡಿಯುತ್ತದೆ. ಬೀಜದ ಬೆರಕೆಯಾಗಿದ್ದರೆ ಇಡೀ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಚದುರಿರುತ್ತದೆ. ಇಡೀ ಹೊಲ ಒಂದೇ ಸಮ ಹಸಿರಾಗಿದ್ದರೆ ಮೊದಲ ಸಂಶಯ ಬಿತ್ತಿದ ದಿನಾಂಕದ ಮೇಲೆ ಹೋಗಬೇಕು. ಗುರುತು ಬಿಲ್ಲಿನಂತೆ ಬಾಗಿದ್ದರೆ, ಒಂದು ಮೂಲೆಯಿಂದ ದೂರ ಹೋದಂತೆ ದೋಷ ಕರಗುತ್ತಿದ್ದರೆ, ಆ ಮೂಲೆಯಲ್ಲಿ ಏನಿದೆ ಎಂದು ತಲೆಯೆತ್ತಿ ನೋಡಬೇಕು.

ಈ ಕೊನೆಯ ಮಾತನ್ನು ನಾನು ಕಲಿತದ್ದು ಗದಗದಿಂದ ಹುಬ್ಬಳ್ಳಿಗೆ ಬರುವ ರಸ್ತೆಯ ಬದಿಯ ಒಂದು ಸೇವಂತಿಗೆ ಹೊಲದಲ್ಲಿ. ಅದನ್ನು ಹೇಳುವ ಮೊದಲು ಗಿಡದೊಳಗಿನ ವ್ಯವಹಾರವನ್ನು ಸ್ವಲ್ಪ ಹೇಳಬೇಕು, ಇಲ್ಲವಾದರೆ ಪರೀಕ್ಷೆ ಏಕೆ ಹಾಗೆ ಮಾಡಿದೆವು ಎಂಬುದು ತಿಳಿಯುವುದಿಲ್ಲ.

ಎಲೆ ಎಣಿಸುತ್ತದೆ, ತುದಿ ಕೇಳುತ್ತದೆ

1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು, ಬೇಸಿಗೆಯಲ್ಲಿ ಹೂ ಬಿಡದೆ ಬರೀ ಎತ್ತರಕ್ಕೆ ಬೆಳೆಯುತ್ತಿದ್ದ ಮೇರಿಲ್ಯಾಂಡ್ ಮ್ಯಾಮತ್ ಎಂಬ ತಂಬಾಕು ತಳಿಯನ್ನೂ, ಬೇರೆ ಬೇರೆ ದಿನ ಬಿತ್ತಿದರೂ ಸೆಪ್ಟೆಂಬರ್ ಹೊತ್ತಿಗೇ ಹೂ ಬಿಡುತ್ತಿದ್ದ ಬಿಲಾಕ್ಸಿ ಎಂಬ ಸೋಯಾಬೀನನ್ನೂ ಗಮನಿಸಿ, ಗಿಡ ಹಗಲಿನ ಉದ್ದವನ್ನು ಅಳೆಯುತ್ತದೆ ಎಂದು ತೋರಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಆ ಮಾತನ್ನು ತಿದ್ದಿದರು. ಅವರು ಪ್ರಯೋಗಕ್ಕೆ ಬಳಸಿದ ಕಳೆಗಿಡ ಲೆಕ್ಕಕ್ಕೆ ಹಿಡಿಯುತ್ತಿದ್ದುದು ಎಡೆಬಿಡದ ಕತ್ತಲೆಯನ್ನು. ಉದ್ದ ರಾತ್ರಿಯ ನಡುವೆ ಸ್ವಲ್ಪವೇ ಹೊತ್ತು ಬೆಳಕು ಬಿದ್ದರೂ ಅದು ಹೂ ಬಿಡಲಿಲ್ಲ. ಈ ಅಳತೆ ನಡೆಯುವುದು ಎಲೆಯಲ್ಲಿ, ಹೂ ಹುಟ್ಟುವುದು ತುದಿಯಲ್ಲಿ. ಹಾಗಾದರೆ ಎಲೆಯಿಂದ ತುದಿಗೆ ಏನೋ ಒಂದು ಹೋಗಬೇಕು ಎಂದು ರಷ್ಯಾದ ಚೈಲಖ್ಯಾನ್ 1930ರ ದಶಕದಲ್ಲೇ ಹೇಳಿ, ಅದಕ್ಕೆ ಫ್ಲೋರಿಜೆನ್ ಎಂದು ಹೆಸರಿಟ್ಟರು. ಆ ವಸ್ತು ಕೈಗೆ ಸಿಗಲು ಸುಮಾರು ಎಪ್ಪತ್ತು ವರ್ಷ ಹಿಡಿಯಿತು. 2007ರಲ್ಲಿ ಅರಬಿಡಾಪ್ಸಿಸ್ ಎಂಬ, ಸಾಸಿವೆಯ ಕುಟುಂಬದ ಪುಟ್ಟ ಕಳೆಯಲ್ಲಿ ಎಫ್‌ಟಿ ಎಂಬ ಜೀನಿನ ಪ್ರೋಟೀನು, ಭತ್ತದಲ್ಲಿ ಅದರ ಸಹೋದರನಾದ ಎಚ್‌ಡಿ3ಎ ಎಂಬ ಪ್ರೋಟೀನು, ಎಲೆಯ ನರಗಳಲ್ಲಿ ತಯಾರಾಗಿ ಆಹಾರ ಸಾಗುವ ಹಾದಿಯಲ್ಲೇ ತುದಿಗೆ ಹೋಗುತ್ತದೆ ಎಂಬುದು ಸಿದ್ಧವಾಯಿತು. ತುದಿಯಲ್ಲಿ ಅದು ಎಫ್‌ಡಿ ಎಂಬ ಇನ್ನೊಂದು ಪ್ರೋಟೀನಿನ ಜೊತೆ ಸೇರಿ ಹೂವಿನ ಜೀನ್‌ಗಳನ್ನು ಚಾಲೂ ಮಾಡುತ್ತದೆ.

ಎಫ್‌ಟಿ ಯಾವಾಗ ತಯಾರಾಗಬೇಕು ಎಂಬುದನ್ನು ನಿರ್ಧರಿಸುವ ಬಗೆ ನನಗೆ ಈ ವಿಷಯದಲ್ಲೆಲ್ಲ ಅತ್ಯಂತ ಸುಂದರವಾಗಿ ಕಂಡಿದೆ. ಅರಬಿಡಾಪ್ಸಿಸ್‌ನಲ್ಲಿ ಕಾನ್‌ಸ್ಟನ್ಸ್ ಎಂಬ ಜೀನು ಗಿಡದ ಒಳಗಡಿಯಾರದ ಪ್ರಕಾರ ದಿನದ ಇಳಿಹೊತ್ತಿನಲ್ಲಿ ಕೆಲಸಕ್ಕೆ ಏಳುತ್ತದೆ. ಅದರ ಪ್ರೋಟೀನು ಬೆಳಕಿದ್ದರೆ ಉಳಿಯುತ್ತದೆ, ಕತ್ತಲೆಯಲ್ಲಿ ನಾಶವಾಗುತ್ತದೆ. ಸಂಜೆ ಬೇಗ ಕತ್ತಲಾಗುವ ದಿನಗಳಲ್ಲಿ ಅದು ಹುಟ್ಟಿದಷ್ಟೂ ಅಳಿದುಹೋಗುತ್ತದೆ. ಹಗಲು ಉದ್ದವಾದಾಗ ಉಳಿದುಕೊಂಡು ಎಫ್‌ಟಿಯನ್ನು ಎಬ್ಬಿಸುತ್ತದೆ. ಹೀಗೆ ಎರಡು ಕಾಲಗಳು, ಒಳಗಿನದೊಂದು ಹೊರಗಿನದೊಂದು, ಕೂಡಿದಾಗ ಮಾತ್ರ ಹೂವಿನ ಸುದ್ದಿ ಹೊರಡುತ್ತದೆ. ಭತ್ತದಲ್ಲಿ ಕಾನ್‌ಸ್ಟನ್ಸ್‌ನ ಸಹೋದರ ಜೀನು ಇದ್ದೂ, ಕೆಲಸ ತಿರುಗುಮುರುಗಾಗಿದೆ: ಹಗಲು ಉದ್ದವಿದ್ದಾಗ ಅದು ಹೂವನ್ನು ತಡೆಯುತ್ತದೆ, ಹಗಲು ಗಿಡ್ಡವಾದಾಗ ಹೂವಿಗೆ ನೆರವಾಗುತ್ತದೆ. ಜೋಳ, ಸೋಯಾಬೀನ್, ತೊಗರಿ, ಸೇವಂತಿಗೆ ಇವೆಲ್ಲ ಗಿಡ್ಡ ಹಗಲನ್ನು, ಅಂದರೆ ಉದ್ದ ರಾತ್ರಿಯನ್ನು ಬಯಸುವವು. ಕಡಲೆ ಮತ್ತು ಗೋಧಿ ಉದ್ದ ಹಗಲಿನ ಕಡೆಯವು.

ನಮ್ಮ ಸೀಮೆಯಲ್ಲಿ ಹಗಲು-ರಾತ್ರಿ ಹೆಚ್ಚುಕಡಿಮೆ ಸಮವೇ ಅಲ್ಲವೇ, ಅಷ್ಟು ಚಿಕ್ಕ ಅಂತರ ಗಿಡಕ್ಕೆ ತಿಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. ಧಾರವಾಡದಲ್ಲಿ ಜೂನ್ 21ರ ಸುಮಾರಿಗೆ ಹಗಲು ಸುಮಾರು 13 ಗಂಟೆ, ಡಿಸೆಂಬರ್ 21ರ ಸುಮಾರಿಗೆ 11 ಗಂಟೆ 15 ನಿಮಿಷದ ಆಸುಪಾಸು. ಎರಡು ಗಂಟೆಯೂ ತುಂಬದ ಈ ಅಂತರದೊಳಗೇ ನಮ್ಮ ಮುಂಗಾರಿ ಮತ್ತು ಹಿಂಗಾರಿ ತಳಿಗಳು ಬೇರೆ ಬೇರೆಯಾಗಿವೆ.

ಬೆಳಕಿನ ದೋಷ: ಸೇವಂತಿಗೆ ಹೊಲದ ಪರೀಕ್ಷೆ

ಆ ಹೊಲದಲ್ಲಿ ಜೂನ್‌ನಲ್ಲಿ ನೆಟ್ಟ ಸೇವಂತಿಗೆಗೆ ಅಕ್ಟೋಬರ್ ಮೊದಲ ವಾರದಲ್ಲಿ ಎಲ್ಲೆಡೆ ಮೊಗ್ಗು ತುಂಬಿತ್ತು. ರಸ್ತೆ ಕಡೆಯ ಮೂಲೆಯಲ್ಲಿ ಮಾತ್ರ ಗಿಡ ಮೊಣಕಾಲು ದಾಟಿ ಬೆಳೆದು ಎಲೆಯೊಂದನ್ನೇ ಹೊತ್ತು ನಿಂತಿತ್ತು. ದೀಪಾವಳಿಯ ಮಾರುಕಟ್ಟೆಯನ್ನೇ ನೆಚ್ಚಿದ್ದ ರೈತರು, “ಆ ಮೂಲ್ಯಾಗ ಸೆಗಣಿ ಗೊಬ್ಬರ ಕಮ್ಮಿ ಬಿದ್ದಿರಬೇಕ್ರಿ, ಅದಕ್ಕ ಎರಡು ಸಲ ಟಾನಿಕ್ ಹೊಡದೇನ್ರಿ” ಎಂದರು. ಆದರೆ ಗೊಬ್ಬರ ಕಡಿಮೆ ಬಿದ್ದ ಗಿಡ ಹಾಗೆ ಕಪ್ಪುಹಸಿರಾಗಿರುವುದಿಲ್ಲ. ಕಾಗದದ ಮೇಲೆ ಗುರುತು ಹಾಕಿದಾಗ ದೋಷ ಸಾಲುಗಳನ್ನು ಅಡ್ಡಡ್ಡ ಕತ್ತರಿಸಿಕೊಂಡು ಅರ್ಧಚಂದ್ರದಂತೆ ನಿಂತಿತು. ಅದರ ನಡುವಿನ ಬಿಂದು ರಸ್ತೆಯ ಎತ್ತರದ ದೀಪಕಂಬ. ಇದಕ್ಕಿಂತ ಬಲವಾದ ಸಾಕ್ಷಿ ಆ ಅರ್ಧಚಂದ್ರದ ಒಳಗೇ ಇತ್ತು. ಬೋರ್‌ವೆಲ್‌ನ ಮೋಟಾರ್ ಮನೆಯ ಹಿಂದೆ ಒಂದು ಮಾರು ಅಗಲದ ಪಟ್ಟಿಯಲ್ಲಿ ಗಿಡಗಳಿಗೆ ಮೊಗ್ಗು ಬಂದಿತ್ತು. ಅದೇ ಮಣ್ಣು, ಅದೇ ನೀರು, ಅದೇ ಟಾನಿಕ್. ಮೋಟಾರ್ ಮನೆಯ ನೆರಳು ಮಾತ್ರ ಬೇರೆ, ಅದೂ ಹಗಲಿನ ನೆರಳಲ್ಲ, ರಾತ್ರಿಯದು. ರಾತ್ರಿ ಒಂಬತ್ತಕ್ಕೆ ಮತ್ತೆ ಹೋಗಿ ನಿಂತು ನೋಡಿದಾಗ ನೆರಳಿನ ಅಂಚೂ ಮೊಗ್ಗಿನ ಅಂಚೂ ಸರಿಸುಮಾರು ಒಂದೇ ಗೆರೆಯಲ್ಲಿದ್ದವು.

ಇಷ್ಟಾದರೂ ಕಣ್ಣಿನ ಅಂದಾಜನ್ನು ಪರೀಕ್ಷೆ ಎನ್ನಲಾಗುವುದಿಲ್ಲ. ಹೂ ಬಿಡದ ಭಾಗದಲ್ಲಿ ಹತ್ತು ಗಿಡಗಳನ್ನು ಆರಿಸಿ, ಅವುಗಳ ಮೇಲೆ ಬಿದಿರಿನ ಕಮಾನು ಕಟ್ಟಿ, ಪ್ರತಿದಿನ ಸೂರ್ಯ ಮುಳುಗಿದ ಮೇಲೆ ದಪ್ಪ ಕಪ್ಪು ಬಟ್ಟೆ ಹೊದಿಸಿ, ಸೂರ್ಯ ಏಳುವಾಗ ತೆಗೆಯಬೇಕು. ಪಕ್ಕದ ಹತ್ತು ಗಿಡಗಳಿಗೆ ಕೆಂಪು ದಾರ ಕಟ್ಟಿ ಹಾಗೆಯೇ ಬಿಡಬೇಕು. ಇಲ್ಲಿ ಒಂದು ಎಚ್ಚರಿಕೆ ಇದೆ. ಪಾಲಿಹೌಸ್‌ಗಳಲ್ಲಿ ಸೇವಂತಿಗೆಯನ್ನು ಬೇಗ ಹೂ ಬಿಡಿಸಲು ಬಿಸಿಲಿರುವಾಗಲೇ ಬಟ್ಟೆ ಎಳೆಯುವ ರೂಢಿ ಇದೆ. ಪರೀಕ್ಷೆಯಲ್ಲಿ ಹಾಗೆ ಮಾಡಿದರೆ ಹಗಲೇ ಗಿಡ್ಡವಾಗಿ, ಹೂ ಬಂದದ್ದು ದೀಪ ಮರೆಯಾದದ್ದರಿಂದಲೋ ಹಗಲು ಕಡಿಮೆಯಾದದ್ದರಿಂದಲೋ ಎಂದು ಬೇರ್ಪಡಿಸಲಾಗುವುದಿಲ್ಲ. ಮುಳುಗಿದ ಮೇಲೆ ಹೊದಿಸಿ, ಏಳುವಾಗ ತೆಗೆದರೆ ಬದಲಾಗುವುದು ದೀಪವೊಂದೇ. ಬಟ್ಟೆ ಎಲೆಗೆ ತಾಗದಂತೆ, ಕೆಳಗಿನಿಂದ ಗಾಳಿಯಾಡುವಂತೆ ಇರಬೇಕು, ಏಕೆಂದರೆ ಒಳಗೆ ಸೆಕೆ ಕೂತರೆ ಅದೇ ಸೇವಂತಿಗೆಯ ಹೂವನ್ನು ತಡಮಾಡುತ್ತದೆ. ಮೂರು ವಾರಕ್ಕೆ ಹೊದಿಸಿದ ಗಿಡಗಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಮೊಗ್ಗು ಕಂಡಿತು. ದಾರ ಕಟ್ಟಿದ ಗಿಡಗಳು ಎಲೆಯನ್ನೇ ಬಿಡುತ್ತಿದ್ದವು.

ಗಿಡದೊಳಗೆ ನಡೆದದ್ದೇನೆಂಬುದಕ್ಕೂ ವಿವರಣೆ ಇದೆ. ಜಪಾನಿನ ಸಂಶೋಧಕರು ಸೇವಂತಿಗೆಯ ಕಾಡುಬಂಧುವೊಂದರಲ್ಲಿ ಎಲೆಯಿಂದ ಎರಡು ವಿರುದ್ಧ ಸುದ್ದಿಗಳು ಹೊರಡುತ್ತವೆ ಎಂದು 2013ರಲ್ಲಿ ತೋರಿಸಿದರು: ಎಫ್‌ಟಿಎಲ್3 ಎಂಬುದು ಹೂ ಬಿಡು ಎನ್ನುತ್ತದೆ, ಎಎಫ್‌ಟಿ ಎಂಬುದು ಬೇಡ ಎನ್ನುತ್ತದೆ. ಎರಡನೆಯದರ ಜೀನು ಕತ್ತಲಾಗಿ ಇಷ್ಟು ಹೊತ್ತಾದ ಮೇಲೆ ಬೆಳಕಿಗೆ ಕಿವಿ ತೆರೆದು ಕೂತಿರುತ್ತದೆ. ಆಗ ಬೆಳಕು ಬಿದ್ದರೆ, ಫೈಟೋಕ್ರೋಮ್ ಎಂಬ ಬೆಳಕನ್ನು ಹಿಡಿಯುವ ಪ್ರೋಟೀನಿನ ಮೂಲಕ ಎಚ್ಚೆತ್ತು ಹೂವನ್ನು ತಡೆಯುವ ಸುದ್ದಿ ಕಳಿಸುತ್ತದೆ. ಫೈಟೋಕ್ರೋಮ್ ಮುಖ್ಯವಾಗಿ ಹಿಡಿಯುವುದು ಕೆಂಪು ಬೆಳಕನ್ನು, 660 ನ್ಯಾನೋಮೀಟರ್ ಆಸುಪಾಸಿನದನ್ನು. ಹಳೆಯ ಗುಂಡು ಬಲ್ಬಿನಲ್ಲೂ ಬಿಳಿ ಎಲ್‌ಇಡಿಯಲ್ಲೂ ಅದು ಸಾಕಷ್ಟಿದೆ.

ಎಷ್ಟು ಬೆಳಕಾದರೆ ಸಂಶಯಪಡಬೇಕು ಎಂಬುದಕ್ಕೆ ನಾನು ಬಳಸುವ ಸರಳ ಅಳತೆ ಒಂದಿದೆ: ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಗಿಡದ ತುದಿಯ ಮಟ್ಟದಲ್ಲಿ ದಿನಪತ್ರಿಕೆಯನ್ನು ಹಿಡಿದು, ಸಣ್ಣ ಅಕ್ಷರವನ್ನು ಸಲೀಸಾಗಿ ಓದಲು ಬಂದರೆ ಬಟ್ಟೆಯ ಪರೀಕ್ಷೆ ಮಾಡಿಯೇ ತೀರಬೇಕು. “ರಾತ್ರಿ ಹತ್ತಕ್ಕೆ ಆರಿಸುತ್ತೇವೆ” ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಹತ್ತಕ್ಕೆ ಆರಿಸಿದರೆ ಬೆಳಗಿನ ಆರರವರೆಗೆ ಉಳಿಯುವ ಕತ್ತಲೆ ಎಂಟೇ ಗಂಟೆ, ಸೇವಂತಿಗೆಗೆ ಅದು ಸಾಲದು. ಪರಿಹಾರವಾಗಿ ದೀಪಕ್ಕೆ ಹೊಲದ ಕಡೆ ತಗಡಿನ ಮರೆ ಕಟ್ಟಿಸಬಹುದು, ಆಗದಿದ್ದರೆ ಆ ಪಟ್ಟಿಯಲ್ಲಿ ರಾತ್ರಿಯನ್ನು ಲೆಕ್ಕಕ್ಕೆ ಹಿಡಿಯದ ಟೊಮೆಟೊ ಅಥವಾ ಮೆಣಸಿನ ಗಿಡ ಹಾಕಬಹುದು. ಸೋಯಾಬೀನನ್ನಂತೂ ಅಲ್ಲಿ ಬಿತ್ತಬಾರದು. ಬೀದಿದೀಪದ ಕೆಳಗಿನ ಸೋಯಾಬೀನ್, ಉಳಿದ ಹೊಲ ಒಣಗಿ ಕೊಯ್ಲಿಗೆ ಬಂದಾಗಲೂ ಹಸಿರಾಗಿಯೇ ನಿಂತಿರುತ್ತದೆ.

ದಿನಾಂಕದ ದೋಷ

ಇಡೀ ಹೊಲ ಒಂದೇ ಸಮ ತಡವಾಗಿದ್ದರೆ ಸುತ್ತಲಿನ ನಾಲ್ಕಾರು ಹೊಲಗಳಿಗೆ ಹೋಗಿ, ಅದೇ ತಳಿಯನ್ನು ಯಾರು ಯಾವಾಗ ಬಿತ್ತಿದರು, ಹೂ ಯಾವಾಗ ಬಂತು ಎಂದು ಬರೆದುಕೊಳ್ಳಿ. ಬಿತ್ತಿದ ದಿನ ಬೇರೆ ಬೇರೆಯಾಗಿದ್ದು ಎಲ್ಲರಿಗೂ ಹೂ ಒಂದೇ ವಾರದಲ್ಲಿ ಬಂದಿದ್ದರೆ ಆ ತಳಿ ರಾತ್ರಿಯನ್ನು ಎಣಿಸುತ್ತಿದೆ. ಎಲ್ಲರಿಗೂ ಬಿತ್ತಿದ ಇಷ್ಟೇ ದಿನಕ್ಕೆ ಹೂ ಬಂದಿದ್ದರೆ ಅದು ತನ್ನ ವಯಸ್ಸನ್ನು ಎಣಿಸುತ್ತಿದೆ. ಗಾರ್ನರ್ ಮತ್ತು ಅಲ್ಲಾರ್ಡ್ ಬಿಲಾಕ್ಸಿಯಲ್ಲಿ ಕಂಡದ್ದು ಇದನ್ನೇ, ಮತ್ತು ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ನಮ್ಮಲ್ಲಿ ಇದರ ಸ್ಪಷ್ಟ ಉದಾಹರಣೆ ಜೋಳ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಬೇಕಾದ ಎಂ 35-1, ಅಂದರೆ ಮಾಲದಂಡಿ ಜೋಳವನ್ನು, ಬೀಜ ಮನೆಯಲ್ಲಿದೆ ಎಂದು ಜೂನ್ ತಿಂಗಳ ಮಳೆಗೇ ಕೂರಿಗೆಗೆ ಹಾಕಿದರೆ ದಂಟು ತಲೆಯ ಮೇಲೆ ಹೋಗುತ್ತದೆ, ತೆನೆ ಮಾತ್ರ ಬೇಗ ಬರುವುದಿಲ್ಲ. ಜೋಳದ ಹೂವಿನ ಕಾಲವನ್ನು ಹಿಡಿದಿಡುವ ಜೀನ್‌ಗಳಿಗೆ ಎಂಎ1 ರಿಂದ ಎಂಎ6 ಎಂದು ಹೆಸರು. ಇವುಗಳಲ್ಲಿ ಮೂರನೆಯದು ಫೈಟೋಕ್ರೋಮ್ ಬಿ ಎಂದು 1997ರಲ್ಲೂ, ಎಲ್ಲಕ್ಕಿಂತ ಬಲವಾದ ಮೊದಲನೆಯದು ಪಿಆರ್‌ಆರ್37 ಎಂಬ ಜೀನು ಎಂದು 2011ರಲ್ಲೂ ಗೊತ್ತಾಯಿತು. ಪಿಆರ್‌ಆರ್37 ಸಂಜೆಯ ಕಾವಲುಗಾರನಿದ್ದಂತೆ. ಸಂಜೆ ಇನ್ನೂ ಬೆಳಕಿದ್ದರೆ ಅದು ಜೋರಾಗಿ ಕೆಲಸ ಮಾಡಿ ಎಲೆಯಲ್ಲಿ ಫ್ಲೋರಿಜೆನ್ ತಯಾರಾಗದಂತೆ ನೋಡಿಕೊಳ್ಳುತ್ತದೆ. ಬೇಗ ಕತ್ತಲಾದರೆ ಆ ಸಂಜೆಯ ಪಾಳಿ ನಡೆಯುವುದಿಲ್ಲ, ತೆನೆಗೆ ಹಾದಿ ಬಿಡುತ್ತದೆ. 1964ರಲ್ಲಿ ಬಿಡುಗಡೆಯಾದ ಸಿಎಸ್‌ಎಚ್-1 ಎಂಬ ಹೈಬ್ರಿಡ್ ಜೋಳ ಮುಂಗಾರಿನಲ್ಲಿಯೂ ಬೇಗ ತೆನೆ ಕೊಟ್ಟದ್ದು ಅದರ ತಾಯಿ ತಳಿ ಅಮೆರಿಕದಿಂದ ಬಂದದ್ದಾಗಿದ್ದುದರಿಂದ. ಉದ್ದ ಹಗಲಿನಲ್ಲೂ ತೆನೆ ಬಿಡುವಂತೆ ಅಲ್ಲಿ ಈ ಜೀನ್‌ಗಳನ್ನು ಆರಿಸಿಕೊಂಡಿದ್ದರು. ಜೂನ್‌ನಲ್ಲಿ ಬಿತ್ತಿದ ಮಾಲದಂಡಿಗೆ ಈಗ ಮಾಡುವುದೇನೂ ಇಲ್ಲ. ದಂಟು ಸೀಳಿ ನೋಡಿ ತುದಿ ನುಣುಪಾಗಿದ್ದರೆ ಮೇವಿಗೆ ಕೊಯ್ದು, ಹಿಂಗಾರಿಗೆ ಹೊಲ ತೆರವು ಮಾಡುವುದು ಲೇಸು. ಯೂರಿಯಾ ಹಾಕಿ ಕಾಯುವುದು ಎರಡೂ ಹಂಗಾಮು ಕಳೆದುಕೊಳ್ಳುವ ದಾರಿ.

ಸೋಯಾಬೀನಿನಲ್ಲಿ ದೋಷ ಹೆಚ್ಚಾಗಿ ಎದುರು ದಿಕ್ಕಿನದು: ಗಿಡ ಗೇಣುದ್ದವಿರುವಾಗಲೇ ಹೂ ಬಿಟ್ಟು, ನಾಲ್ಕಾರು ಗೆಣ್ಣಿಗೆ ಬೆಳವಣಿಗೆ ನಿಲ್ಲಿಸಿಬಿಡುತ್ತದೆ. ಉತ್ತರದ ಉದ್ದ ಹಗಲಿಗೆ ಹೊಂದಿದ ತಳಿ ನಮ್ಮ ಗಿಡ್ಡ ಹಗಲಿಗೆ ಬಂದರೆ ಹೀಗಾಗುತ್ತದೆ, ತಡವಾಗಿ ಬಿತ್ತಿದರೂ ಹೀಗಾಗುತ್ತದೆ. ಸೋಯಾಬೀನಿನ ಇ1 ಎಂಬ ಜೀನು ಫ್ಲೋರಿಜೆನ್‌ಗೆ ತಡೆಯೊಡ್ಡುತ್ತದೆ, ಜೆ ಎಂಬ ಜೀನು ಆ ಇ1ನ್ನೇ ತಡೆಯುತ್ತದೆ. ಜೆ ಕೆಟ್ಟಿರುವ ತಳಿಗಳಲ್ಲಿ ಇ1 ಬಿಡುವಾಗಿ ಕೆಲಸ ಮಾಡಿ, ಗಿಡ್ಡ ಹಗಲಿನಲ್ಲೂ ಗಿಡಕ್ಕೆ ಬೆಳೆಯಲು ಸಮಯ ಸಿಗುತ್ತದೆ. ಬ್ರೆಜಿಲ್‌ನಂಥ ಬಿಸಿ ನಾಡುಗಳಲ್ಲಿ ಸೋಯಾಬೀನ್ ಬೇರೂರಿದ್ದರಲ್ಲಿ ಇಂಥ ತಳಿಗಳ ಪಾಲು ದೊಡ್ಡದು. ನಮ್ಮವರು ಜೆಎಸ್ 335 ಅಥವಾ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ 21 ಬಿತ್ತಿದ್ದೇವೆಂದುಕೊಂಡು ಗಿಡ ಹೀಗೆ ಕುಳ್ಳಾಗಿ ಹೂ ಬಿಟ್ಟಿದ್ದರೆ, ಮೊದಲು ಚೀಲದ ಚೀಟಿಯನ್ನೂ ಬಿತ್ತಿದ ದಿನಾಂಕವನ್ನೂ ನೋಡಬೇಕು.

ಚಳಿಯ ದೋಷ: ಉಳ್ಳಾಗಡ್ಡಿಯಲ್ಲಿ ಹೂದಂಟು

ಗದಗ ಕಡೆಯ ಉಳ್ಳಾಗಡ್ಡಿಯಲ್ಲಿ ಗಡ್ಡೆ ತುಂಬುವ ಮೊದಲೇ ಟೊಳ್ಳಾದ ಹೂದಂಟು ಎದ್ದರೆ ಅಪರಾಧಿ ಚಳಿ, ಆದರೆ ಚಳಿಯೊಂದೇ ಅಲ್ಲ. ಸಸಿ ಪೆನ್ಸಿಲ್ಲಿನಷ್ಟು ದಪ್ಪವಾಗುವವರೆಗೆ ಚಳಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ; ಆ ದಪ್ಪ ದಾಟಿದ ಮೇಲೆ ವಾರಗಟ್ಟಲೆ ಚಳಿ ಸಿಕ್ಕರೆ ಹೂವಿನ ಕಡೆ ತಿರುಗುತ್ತದೆ. ಆದ್ದರಿಂದ ಪರೀಕ್ಷೆ ಸುಲಭ: ಚಳಿ ಶುರುವಾದಾಗ ಸಸಿಯ ವಯಸ್ಸೆಷ್ಟು, ದಪ್ಪವೆಷ್ಟು ಎಂದು ಲೆಕ್ಕ ಹಾಕಿ. ಬೇಗ ಹಾಕಿದ ಸಸಿಮಡಿ, ನಾಟಿಗೆ ತಡವಾದ ದಪ್ಪ ಸಸಿ, ಇವೆರಡರಲ್ಲಿ ಒಂದು ಸಾಮಾನ್ಯವಾಗಿ ಸಿಗುತ್ತದೆ. ನ್ಯೂಜಿಲೆಂಡಿನ ಸಂಶೋಧಕರು 2013ರಲ್ಲಿ ಉಳ್ಳಾಗಡ್ಡಿಯ ಎಫ್‌ಟಿ ಕುಟುಂಬದ ಜೀನ್‌ಗಳನ್ನು ಬಿಡಿಸಿ ನೋಡಿದಾಗ, ಎಫ್‌ಟಿ2 ಚಳಿಯ ನಂತರ ಹೂವನ್ನು ಎಬ್ಬಿಸುತ್ತದೆ, ಎಫ್‌ಟಿ1 ಗಡ್ಡೆಯನ್ನು ಕಟ್ಟಿಸುತ್ತದೆ, ಎಫ್‌ಟಿ4 ಗಡ್ಡೆಯನ್ನು ತಡೆಯುತ್ತದೆ ಎಂದು ಕಂಡುಬಂತು. ಹೂವಿಗೂ ಗಡ್ಡೆಗೂ ಒಂದೇ ಮನೆಯ ಅಣ್ಣತಮ್ಮಂದಿರು. ದಂಟು ಮುರಿದರೆ ಗಡ್ಡೆ ಸರಿಹೋಗುವುದಿಲ್ಲ, ಕುತ್ತಿಗೆ ದಪ್ಪವಾಗಿ ಒಳಗೆ ಗಟ್ಟಿ ಕಡ್ಡಿ ಉಳಿಯುತ್ತದೆ, ಸಂಗ್ರಹಕ್ಕೆ ನಿಲ್ಲುವುದಿಲ್ಲ. ಅಂಥವನ್ನು ಬೇರೆ ಮಾಡಿ ಮೊದಲು ಮಾರಬೇಕು. ತಾನಾಗಿ ಎದ್ದ ಈ ದಂಟಿನ ಬೀಜವನ್ನು ಕಟ್ಟಿಟ್ಟುಕೊಳ್ಳುವ ಆಸೆ ಬೇಡ. ಅವಸರದಲ್ಲಿ ಹೂ ಬಿಡುವ ಗುಣವನ್ನೇ ಮುಂದಿನ ವರ್ಷಕ್ಕೆ ಆರಿಸಿಕೊಂಡಂತಾಗುತ್ತದೆ.

ಬೀಜದ ದೋಷ

ಹೊಲದ ತುಂಬ ಅಲ್ಲೊಂದು ಇಲ್ಲೊಂದು ಗಿಡ ಬೇಗ ಅಥವಾ ತಡವಾಗಿ ಹೂ ಬಿಡುತ್ತಿದ್ದರೆ ನೂರು ಗಿಡಗಳ ಒಂದು ಸಾಲು ಹಿಡಿದು, ಮೊದಲು ಹೂ ಬಿಟ್ಟವಕ್ಕೆ ದಾರ ಕಟ್ಟಿ ಎಣಿಸಿ. ಎರಡು ಮೂರು ಗಿಡ ಬೇರೆಯಾಗಿದ್ದರೆ ಬೆರಕೆ. ಸುಮಾರು ನಾಲ್ಕನೆಯ ಒಂದು ಭಾಗ ಒಂದು ಥರ, ಉಳಿದದ್ದು ಇನ್ನೊಂದು ಥರ ಇದ್ದರೆ ಹೈಬ್ರಿಡ್ ಬೆಳೆಯ ಕಾಳನ್ನೇ ಬೀಜಕ್ಕೆ ಇಟ್ಟಿದ್ದರೇ ಎಂದು ಕೇಳಿ. ಎಂಎ1ರಂಥ ಒಂದು ಜೀನು ತಂದೆ-ತಾಯಿಯಲ್ಲಿ ಬೇರೆಯಾಗಿದ್ದರೆ ಎರಡನೆಯ ಪೀಳಿಗೆ ಹೀಗೆಯೇ ಒಡೆಯುತ್ತದೆ. ಕಡಲೆ ಪಕ್ಕದ ಹೊಲದ ಅಣ್ಣಿಗೇರಿ-1ಕ್ಕಿಂತ ವಾರಗಟ್ಟಲೆ ಮೊದಲೇ ಹೂ ಬಿಟ್ಟು ಎಲ್ಲ ಗಿಡ ಒಂದೇ ಸಮ ಇದ್ದರೆ ಅದು ದೋಷವೇ ಅಲ್ಲ, ಬೇರೆ ತಳಿ. ಐಸಿಸಿವಿ 96029 ಎಂಬ ಅತಿ ಬೇಗದ ಕಡಲೆಯಲ್ಲಿ ಒಳಗಡಿಯಾರದ ಇಎಲ್‌ಎಫ್3 ಎಂಬ ಜೀನಿನ ಡಿಎನ್‌ಎ ಬರಹದಲ್ಲಿ 11 ಅಕ್ಷರ ಬಿಟ್ಟುಹೋಗಿವೆ ಎಂದು 2017ರಲ್ಲಿ ಕಂಡುಹಿಡಿದರು. ಅಷ್ಟರಿಂದಲೇ ಅದು ಹಗಲು ಉದ್ದವಾಗುವುದನ್ನು ಕಾಯುವುದಿಲ್ಲ. ಹಾಗೆ ಬೇಗ ಹೂ ಬಿಡುವ ಕಡಲೆಯಲ್ಲಿ, ಪಲ್ಯಕ್ಕೆಂದು ಕುಡಿ ಚಿವುಟುವ ರೂಢಿಯನ್ನು ಎಚ್ಚರದಿಂದ ಮಾಡಬೇಕು. ತಡಮಾಡಿ ಚಿವುಟಿದರೆ ಮೊಗ್ಗೂ ಹೋಗುತ್ತದೆ.

ಆಪೂಸು ಮಾವು, ಮತ್ತು ಸಿಂಪಡಣೆಯ ಮಾತು

ಧಾರವಾಡ ಸುತ್ತಲಿನ ಆಪೂಸು ತೋಟಗಳಲ್ಲಿ ಡಿಸೆಂಬರ್-ಜನವರಿಯಲ್ಲಿ ಹೂವಿನ ಬದಲು ತಾಮ್ರಬಣ್ಣದ ಚಿಗುರು ಬಂದರೆ ರಾತ್ರಿಯ ಉದ್ದವನ್ನು ಹುಡುಕಬೇಡಿ. ಮಾವು ಕೇಳುವುದು ತಂಪಾದ ರಾತ್ರಿಗಳನ್ನು ಮತ್ತು ಬಲಿತ ಕೊನೆಗಳನ್ನು, ಅಂದರೆ ರೆಂಬೆಯ ತುದಿಗಳನ್ನು. ಎಳೆ ಚಿಗುರಿನಲ್ಲಿ ಹೆಚ್ಚಾಗಿರುವ ಜಿಬ್ಬರೆಲಿನ್ ಎಂಬ ಹಾರ್ಮೋನು ಮಾವಿನಲ್ಲಿ ಹೂವನ್ನು ತಡೆಯುತ್ತದೆ. ಅದೇ ಜಿಬ್ಬರೆಲಿನ್ ಅರಬಿಡಾಪ್ಸಿಸ್‌ನಲ್ಲಿ ಹೂವಿಗೆ ನೆರವಾಗುತ್ತದೆ. “ಹೂವಿನ ಹಾರ್ಮೋನು” ಎಂದು ಎಲ್ಲ ಬೆಳೆಗೂ ಒಂದೇ ಬಾಟಲಿ ಹೊಡೆಯುವುದು ಏಕೆ ಅಪಾಯ ಎಂಬುದಕ್ಕೆ ಇಷ್ಟು ಸಾಕು. ಮಾವಿಗೆ ಹೂ ಬರಿಸಲು ಬುಡಕ್ಕೆ ಹಾಕುವ ಪ್ಯಾಕ್ಲೊಬ್ಯೂಟ್ರಜೋಲ್ ಎಂಬ ರಾಸಾಯನಿಕ ಕೆಲಸ ಮಾಡುವುದು ಜಿಬ್ಬರೆಲಿನ್ ತಯಾರಾಗದಂತೆ ತಡೆಯುವುದರಿಂದ. ಅದು ಮಣ್ಣಿನಲ್ಲಿ ಬಹಳ ಕಾಲ ಉಳಿಯುವುದರಿಂದ, ದೋಷ ಚಿಗುರಿನದೇ ಎಂದು ಖಾತ್ರಿಯಾಗದೆ ಬುಡಕ್ಕೆ ಹಾಕಬಾರದು.

ಖಾತ್ರಿ ಮಾಡಿಕೊಳ್ಳಲು ಒಂದು ವರ್ಷ ದಾರದ ಕೆಲಸ ಮಾಡಬೇಕು. ಕೊಯ್ಲು ಮುಗಿದ ಮೇಲೆ ಬಂದ ಚಿಗುರಿಗೆ ಬಿಳಿ ದಾರ, ಅಕ್ಟೋಬರ್-ನವೆಂಬರ್ ಮಳೆಗೆ ಬಂದ ಚಿಗುರಿಗೆ ಕೆಂಪು ದಾರ, ಹೋದ ಹಂಗಾಮಿನಲ್ಲಿ ಕಾಯಿ ಹೊತ್ತ ಕೊನೆಗೆ ಹಸಿರು ದಾರ ಕಟ್ಟಿ, ಪ್ರತಿ ಗಿಡದಲ್ಲಿ ಒಂದೊಂದು ಬಣ್ಣಕ್ಕೆ ಇಪ್ಪತ್ತರಂತೆ ಗುರುತಿಸಿ. ಜನವರಿ ಕೊನೆಗೆ ಹೂ ಬಂದ ಕೊನೆಗಳನ್ನು ಬಣ್ಣವಾರು ಎಣಿಸಿ. ಬಿಳಿಯಲ್ಲಿ ಹೂ ಇದ್ದು ಕೆಂಪಿನಲ್ಲಿ ಇಲ್ಲದಿದ್ದರೆ ಮಳೆಯ ಚಿಗುರೇ ಕಾರಣ. ಹಸಿರಿನಲ್ಲಿ ಮಾತ್ರ ಹೂ ಇಲ್ಲದಿದ್ದರೆ ಗಿಡ ಹೋದ ವರ್ಷದ ಕಾಯಿಯ ಭಾರದಿಂದ ಇನ್ನೂ ಹೊರಬಂದಿಲ್ಲ. ಮೂರರಲ್ಲೂ ಇಲ್ಲದಿದ್ದರೆ ಆ ವರ್ಷದ ರಾತ್ರಿಗಳು ಸಾಕಷ್ಟು ತಂಪಾಗಿದ್ದವೇ ಎಂದು ತೋಟದಲ್ಲೇ ತೂಗುಹಾಕಿದ ಉಷ್ಣಮಾಪಕದ ದಿನಚರಿಯನ್ನು ತೆರೆದು ನೋಡಬೇಕು.